ರಿಬ್ಬನ್ ಕಟ್ಟಿದ ಬೇಸಿನ್ನು

ಕೈ ತೊಳೆಯುವುದಕ್ಕೆಂದೇ ಕಟ್ಟಿಸಿದ ಬೇಸಿನ್ನಿನಲ್ಲಿ ಯಾರೂ ಕೈ ತೊಳೆಯಕೂಡದು ಎಂಬ ಕಾನೂನು ಎಲ್ಲಾದರೂ ಇದೆಯೇ ಎಂದು ನೀವು ಕೇಳಬಹುದು. ನಮ್ಮ ಕಟ್ಟಡದಲ್ಲಿತ್ತು. ಕಾನೂನು ಮಾಡಿದವರು ನಮ್ಮ ಅಧ್ಯಕ್ಷರು, ಅದನ್ನು ಕೋಲು ಹಿಡಿದು ಜಾರಿಗೆ ತಂದವರು ಅವರ ತಾಯಿ, ಅದಕ್ಕೆ ಕೆಂಪು ರಿಬ್ಬನ್ ಒದಗಿಸಿದವಳು ನಾನು. ನೆಲಮಹಡಿಯ ಮೊದಲ ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೇನೆ. ಮಿಷನ್ ಕಿಟಕಿಯ ಪಕ್ಕ ಇರುವುದರಿಂದ ಅಂಗಳದಲ್ಲಿ ನಡೆಯುವುದೆಲ್ಲ ಕಣ್ಣಿಗೆ ಬೀಳುತ್ತದೆ. ನಾನಾಗಿ ನೋಡುವುದಿಲ್ಲ, ಬೀಳುತ್ತದೆ.

ಅಧ್ಯಕ್ಷರು ಎಂದರೆ ಯಾವ ಸಂಘದ ಅಧ್ಯಕ್ಷರೂ ಅಲ್ಲ. ಪೇಟೆಯ ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ಹಿಂದೊಮ್ಮೆ ನೀರಿನ ಮೋಟರಿನ ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ಕಟ್ಟಡದವರೆಲ್ಲ ಕಚ್ಚಾಡಿದಾಗ, ಜಗಳವಾಡದೆ ಬಾಯಿ ಕಳೆದುಕೊಂಡು ನಿಂತಿದ್ದವರು ಇವರೊಬ್ಬರೇ. ಹಾಗಾಗಿ ಕೀ ಇವರ ಕೈಗೆ ಬಂತು. ಅಂದಿನಿಂದ ನಾವು ತಮಾಷೆಗೆ ಅಧ್ಯಕ್ಷರೇ ಎಂದು ಕರೆದೆವು, ಅವರು ಅದನ್ನು ತಮಾಷೆ ಎಂದು ತಿಳಿಯಲಿಲ್ಲ. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಯಸಿದವರಲ್ಲ. ಆದರೆ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ನಾಲ್ಕು ಜನರನ್ನು ಸೇರಿಸಿ ಎರಡು ಮಾತಾಡದಿದ್ದರೆ ಅವರಿಗೆ ಸಮಾಧಾನವಿಲ್ಲ.

ಇವರಿಗೆ ಒಬ್ಬಳೇ ಮಗಳು, ಒಂದೂವರೆ ವರ್ಷದ್ದು. ಕಟ್ಟಡಕ್ಕೆಲ್ಲ ಅವಳು ಗುಬ್ಬಿ. ನಡೆಯುವುದನ್ನು ಕಲಿತಿದ್ದಳು, ಸಿಕ್ಕಿದ್ದನ್ನು ಬಾಯಿಗೆ ಹಾಕುವುದನ್ನು ಬಿಟ್ಟಿರಲಿಲ್ಲ. ಬೆಳಗಾದರೆ ಒಂದೊಂದು ಮನೆಗೂ ನುಗ್ಗಿ, ಯಾರು ಏನು ತಿನ್ನುತ್ತಿದ್ದರೂ ಅದರಲ್ಲಿ ತನ್ನ ಪಾಲು ವಸೂಲಿ ಮಾಡಿಕೊಂಡೇ ಹೊರಡುತ್ತಿದ್ದಳು. ಆ ಮಗುವಿಗೆ ಭೇದಿ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ನನ್ನ ಹೊಲಿಗೆಯ ಬಟ್ಟೆ ಎಳೆದುಕೊಂಡು ಓಡುತ್ತಿದ್ದವಳು ಕಣ್ಣು ಗುಳಿಬಿದ್ದು, ಅಮ್ಮನ ಹೆಗಲ ಮೇಲಿಂದ ತಲೆಯೆತ್ತದೆ ಬಿದ್ದಿದ್ದಳು.

ಆರೋಗ್ಯ ಕೇಂದ್ರದಿಂದ ನರ್ಸಮ್ಮ ಬಂದರು. ನರ್ಸಮ್ಮನ ಗಂಟಲು ಎಂಥದ್ದೆಂದರೆ, ಅವರು ಗೇಟಿನಲ್ಲಿ ಕೆಮ್ಮಿದರೆ ಮೂರನೆಯ ಮಹಡಿಯವರು ಎದ್ದು ನಿಲ್ಲುತ್ತಾರೆ. ಮಗುವಿಗೆ ಓಆರ್‌ಎಸ್ ಕಲಸಿ ಚಮಚದಲ್ಲಿ ಕುಡಿಸಿದರು. ಆಮೇಲೆ ಅಂಗಳಕ್ಕೆ ಬಂದು ಸುತ್ತ ಕಣ್ಣು ಹಾಯಿಸಿದರು. ಅಂಗಳದ ಹಿಂದಿನ ಮೂಲೆಯಲ್ಲಿ ಕಟ್ಟಡದವರೆಲ್ಲರ ಪಾಯಿಖಾನೆ. ನಲ್ಲಿ ಇರುವುದು ಈ ತುದಿಯಲ್ಲಿ, ಗೇಟಿನ ಪಕ್ಕ.

"ಅಲ್ಲಿಂದ ಹೊರಗೆ ಬಂದೋರು ಕೈ ಎಲ್ಲಿ ತೊಳೀತೀರಿ?"

"ನಲ್ಲೀಲಿ," ಎಂದರು ಮೇಲಿನ ಮಹಡಿಯ ರಿಟೈರ್ಡ್ ಮೇಷ್ಟ್ರು.

"ಸೋಪು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ಮಗು ಕಕ್ಕ ತೊಳೆದೋರು?"

ಅಧ್ಯಕ್ಷರ ತಾಯಿಗೆ ಸಿಟ್ಟು ಬಂತು. "ಹಾಲು ಕುಡಿಯೋ ಕೂಸಿನ ಕಕ್ಕ ಅದು. ಅದ್ರಲ್ಲಿ ಏನು ಹೊಲಸಿರುತ್ತೆ? ಅದಕ್ಕೂ ಸೋಪು ಹಾಕ್ಬೇಕಾ?"

"ಅಜ್ಜೀ, ದೊಡ್ಡೋರದ್ದು ಎಷ್ಟು ಕೆಟ್ಟದ್ದೋ ಕೂಸಿನದ್ದೂ ಅಷ್ಟೇ ಕೆಟ್ಟದ್ದು. ಆ ಕೈಯಲ್ಲೇ ಅನ್ನ ಕಲಸಿ ಬಾಯಿಗೆ ಇಟ್ರೆ ಭೇದಿ ಆಗದೆ ಇನ್ನೇನಾಗುತ್ತೆ?" ನರ್ಸಮ್ಮ ಅಧ್ಯಕ್ಷರ ಕಡೆ ತಿರುಗಿದರು. "ನೋಡಿ, ದೊಡ್ಡ ಕೆಲಸ ಏನಲ್ಲ. ಪಾಯಿಖಾನೆ ಬಾಗಿಲ ಪಕ್ಕಾನೇ ಒಂದು ಬಕೆಟ್ ನೀರು, ಒಂದು ಚೊಂಬು, ಒಂದು ಸೋಪು. ಹೊರಗೆ ಬಂದೋರೆಲ್ಲ ತೊಳ್ಕೊಂಡೇ ಒಳಗೆ ಹೋಗ್ಬೇಕು. ಇವತ್ತೇ ಇಡಿ. ನಮ್ಮ ಡಾಕ್ಟರ್ ಮೇಡಮ್ಮಿಗೂ ಹೇಳ್ತೀನಿ, ಯಾವತ್ತಾದ್ರೂ ಈ ಕಡೆ ಬಂದ್ರೆ ನೋಡ್ಲಿ."

ಅಧ್ಯಕ್ಷರ ಹೆಂಡತಿ ಮಾತು ಕಡಿಮೆಯ ಹೆಂಗಸು. ಅವತ್ತು ಎಲ್ಲರೆದುರೇ ಗಂಡನಿಗೆ ಹೇಳಿದಳು. "ಕೇಳಿಸ್ತಲ್ಲ? ಇನ್ನೊಂದ್ಸಲ ಇವಳಿಗೆ ಹೀಗಾದ್ರೆ ಇವಳನ್ನ ಎತ್ಕೊಂಡು ನಮ್ಮಮ್ಮನ ಮನೆಗೆ ಹೋಗ್ತೀನಿ. ಆಮೇಲೆ ನೀವು, ನಿಮ್ಮ ಮೋಟರ್ ಕೀ, ಇಬ್ರೂ ಸುಖವಾಗಿರಿ." ಅವಳು ಹೇಳಿದ್ದನ್ನು ಮಾಡುವವಳು ಎಂಬುದು ಅಧ್ಯಕ್ಷರಿಗೂ ಗೊತ್ತಿತ್ತು. ಅವರ ಮುಖ ಬಿಳಿಚಿಕೊಂಡಿತು.

ಆ ಭಯದಲ್ಲೇ ಒಂದು ಬಕೆಟ್ ತಂದಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನರ್ಸಮ್ಮ ಗೇಟು ದಾಟುವಷ್ಟರಲ್ಲಿ 'ಡಾಕ್ಟರ್ ಬಂದ್ರೆ ನೋಡ್ಲಿ' ಎಂಬುದು ಅಧ್ಯಕ್ಷರ ತಲೆಯಲ್ಲಿ 'ಡಾಕ್ಟರ್ ಬರ್ತಾರೆ' ಎಂದಾಗಿತ್ತು. ಸಂಜೆ ಚಹದ ಹೊತ್ತಿಗೆ ಅದು 'ಡಾಕ್ಟರ್ ಮೇಡಮ್ಮೇ ಬಂದು ಉದ್ಘಾಟನೆ ಮಾಡ್ತಾರಂತೆ' ಎಂದಾಗಿ ಕಟ್ಟಡವೆಲ್ಲ ಹಬ್ಬಿತು.

"ಅಷ್ಟು ದೊಡ್ಡೋರು ಬಂದು ಬಕೆಟ್ ನೋಡ್ಬೇಕಾ? ನಮ್ಮ ಕಟ್ಟಡದ ಮರ್ಯಾದೆ ಏನಾಗ್ಬೇಕು?" ಎಂದರು ಅಧ್ಯಕ್ಷರು. ಮರ್ಯಾದೆಯ ಮಾತು ಬಂದ ಮೇಲೆ ಯಾರಿಗೂ ಬೇಡ ಎನ್ನಲಾಗಲಿಲ್ಲ. ಪ್ಲಂಬರ್ ಬಂದ. ಪಾಯಿಖಾನೆಯ ಪಕ್ಕದ ಗೋಡೆಗೆ ಬಿಳಿ ಬೇಸಿನ್ನು, ಹಿಂದೆ ನೀಲಿ ಟೈಲ್ಸು, ಮೇಲೊಂದು ಕಪ್ಪು ಟ್ಯಾಂಕು. ಕನ್ನಡಿ ಯಾಕೆ ಎಂದು ಕೇಳಬೇಡಿ, ಕನ್ನಡಿಯನ್ನೂ ಹಾಕಿಸಿದರು. ತಟ್ಟೆಯಲ್ಲಿ ಗುಲಾಬಿ ಬಣ್ಣದ, ಘಮಘಮ ಎನ್ನುವ ಸೋಪು, ಕಾಗದ ಬಿಚ್ಚದೆ.

ಕೆಲಸ ಮುಗಿಸಿದ ಪ್ಲಂಬರ್ ಕೈಗೆಲ್ಲ ಸಿಮೆಂಟು ಮೆತ್ತಿಕೊಂಡು ಬೇಸಿನ್ನಿನ ನಲ್ಲಿಗೆ ಕೈ ಹಾಕಿದ.

"ಏಯ್ ಏಯ್ ಏಯ್! ಏನ್ ಮಾಡ್ತಿದೀಯಾ?"

"ಕೈ ತೊಳೀತಿದೀನಿ ಸಾರ್."

"ಇದ್ರಲ್ಲಾ?"

ಪ್ಲಂಬರ್ ಬೇಸಿನ್ನನ್ನು ನೋಡಿದ, ತನ್ನ ಕೈ ನೋಡಿದ, ಅಧ್ಯಕ್ಷರನ್ನು ನೋಡಿದ. "ಮತ್ತೆ ಇದು ಯಾತಕ್ಕೆ ಸಾರ್?"

"ಶೋಕೇಸಲ್ಲಿಟ್ಟ ಶೂನ ಯಾರಾದ್ರೂ ಹಾಕ್ಕೊಂಡು ಓಡಾಡ್ತಾರೇನಯ್ಯಾ? ಡಾಕ್ಟರ್ ಬಂದು ರಿಬ್ಬನ್ ಕತ್ತರಿಸೋ ತನಕ ಒಂದು ಹನಿ ಬೀಳೋ ಹಾಗಿಲ್ಲ."

ಮೇಷ್ಟ್ರು ತಲೆಯಾಡಿಸಿದರು. "ಹೌದೌದು. ಯಾರೋ ತೊಳೆದು ಬಿಟ್ಟದ್ದನ್ನ ಉದ್ಘಾಟನೆ ಮಾಡೋಕೆ ಬರುತ್ತಾ?" ಪ್ಲಂಬರ್ ಗೇಟಿನ ನಲ್ಲಿಗೆ ಹೋಗಿ ತೊಳೆದುಕೊಂಡು, ಹೋಗುವಾಗ ನನ್ನ ಕಿಟಕಿಯ ಬಳಿ ನಿಂತು, "ಅಕ್ಕಾ, ಇಲ್ಲಿರೋರೆಲ್ಲ ಹೀಗೇನಾ?" ಎಂದು ಕೇಳಿದ. ನಾನು ಹಲ್ಲಲ್ಲಿ ದಾರ ಕಚ್ಚಿಕೊಂಡಿದ್ದರಿಂದ ಉತ್ತರ ಕೊಡಲಾಗಲಿಲ್ಲ.

ಅಧ್ಯಕ್ಷರು ಆರೋಗ್ಯ ಕೇಂದ್ರಕ್ಕೆ ಹೋಗಿ ಡಾಕ್ಟರನ್ನು ಕಂಡರು. ಡಾಕ್ಟರ ಸುತ್ತ ರೋಗಿಗಳು ಮುತ್ತಿಕೊಂಡಿದ್ದರು. ಇವರು ಉದ್ಘಾಟನೆ ಎಂದರು, ಆಕೆ ಒಬ್ಬರ ನಾಲಿಗೆ ನೋಡುತ್ತಾ, "ನೋಡೋಣ, ಗುರುವಾರ ಆ ಕಡೆ ಬರೋದಿದೆ," ಎಂದರು. ಗುರುವಾರ ಅಂಗಳದಲ್ಲಿ ಕುರ್ಚಿ ಹಾಕಿದೆವು, ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಕೂತೆವು. ಬಿಸಿಲು ಗೋಡೆ ಹತ್ತಿ ಇಳಿಯಿತು, ಯಾರೂ ಬರಲಿಲ್ಲ. ಅಧ್ಯಕ್ಷರಿಗೆ ಬೇಜಾರೇನೂ ಆಗಲಿಲ್ಲ. "ಹೇಳಿದ ದಿನಾನೇ ಬಂದುಬಿಟ್ರೆ ಅವರು ದೊಡ್ಡೋರು ಹೇಗಾಗ್ತಾರೆ?" ಎಂದು ಕುರ್ಚಿ ಒಳಗಿಟ್ಟರು. ಮುಂದಿನ ಗುರುವಾರವೂ ಕುರ್ಚಿ ಹೊರಗೆ ಬಂದು ಒಳಗೆ ಹೋದವು.

ಈ ನಡುವೆ ಕಾವಲಿಗೆ ಅಧ್ಯಕ್ಷರ ತಾಯಿ ಕೂತರು. ಬೇಸಿನ್ನಿನ ಪಕ್ಕ ಒಂದು ಸ್ಟೂಲು, ಕೈಯಲ್ಲೊಂದು ಕೋಲು. ಒಂದು ಮಧ್ಯಾಹ್ನ ಮಹಡಿಯ ಡ್ರೈವರನ ಹೆಂಡತಿ ಪಾಯಿಖಾನೆಯಿಂದ ಬಂದವಳು ಹೊಳೆಯುವ ಬೇಸಿನ್ನು ಕಂಡು ಅದರ ನಲ್ಲಿಯತ್ತ ಕೈ ಚಾಚಿದಳು. ಕೋಲು ನಡುವೆ ಬಂತು.

"ಅಜ್ಜೀ, ಬರೀ ಬೆರಳು ನೆನೆಸ್ಕೊತೀನಿ."

"ಒಂದು ಬೆರಳೂ ಇಲ್ಲ."

"ಮತ್ತೆ ನಾನು ಎಲ್ಲಿಗೆ ಹೋಗ್ಲಿ?"

"ಇಷ್ಟು ವರ್ಷ ಎಲ್ಲಿಗೆ ಹೋಗ್ತಿದ್ದೆ? ಅಲ್ಲಿಗೇ ಹೋಗು."

ಇಷ್ಟು ವರ್ಷ ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ, ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಅವತ್ತೂ ಅದನ್ನೇ ಮಾಡಿದಳು.

ಅಧ್ಯಕ್ಷರ ಹೆಂಡತಿ, "ಅಲ್ಲೀತನಕ ಪಕ್ಕದಲ್ಲಿ ಒಂದು ಬಕೆಟ್ಟಾದ್ರೂ ಇಡ್ರೀ," ಎಂದು ಗಂಡನನ್ನು ಕೇಳಿಕೊಂಡಳು. ಬೇಸಿನ್ನಿನ ಪಕ್ಕ ಬಕೆಟ್ ಇದ್ದರೆ ಕನ್ನಡಿಯಲ್ಲಿ ಕಾಣುತ್ತದೆ, ಚೆನ್ನಾಗಿರುವುದಿಲ್ಲ ಎಂದು ಉತ್ತರ ಬಂತು. ಅವಳು ತನ್ನ ಅಡುಗೆಮನೆಯ ಬಾಗಿಲಲ್ಲೇ ಒಂದು ಬಕೆಟ್, ಸೋಪು ಇಟ್ಟುಕೊಂಡಳು. ನೀರು ಕುದಿಸಿ ಆರಿಸಿ ಮುಚ್ಚಿಟ್ಟಳು. ಅವಳ ಕೈ ಚೊಕ್ಕ, ಅವಳ ಮನೆ ಚೊಕ್ಕ. ಆದರೆ ಗುಬ್ಬಿ ಒಂದು ಮನೆಯ ಮಗುವಾಗಿದ್ದರೆ ತಾನೆ? ಅದು ಎಲ್ಲರ ಕಂಕುಳಲ್ಲೂ ಕೂತು, ಎಲ್ಲರ ಕೈಯಿಂದಲೂ ತಿನ್ನುವ ಮಗು.

ಇದರ ಮೇಲೆ ಮೇಷ್ಟ್ರ ರಿಹರ್ಸಲ್ಲು. ಉದ್ಘಾಟನೆಯ ದಿನ ಮಕ್ಕಳು ಸಾಲಾಗಿ ನಿಂತು ಕೈ ತೊಳೆಯುವ ಕ್ರಮ ತೋರಿಸಬೇಕು ಎಂದು ಅವರ ಆಸೆ. ಸಂಜೆಯಾದರೆ ಅಂಗಳದಲ್ಲಿ ನಿಲ್ಲಿಸಿ, "ಅಂಗೈ! ಮುಂಗೈ! ಬೆರಳ ಸಂದಿ! ಉಗುರು!" ಎಂದು ಕೂಗುತ್ತಿದ್ದರು. ನೀರು ಬಳಸುವ ಹಾಗಿಲ್ಲ, ಕಾನೂನು ಇದೆ. ಆದ್ದರಿಂದ ಮಕ್ಕಳು ಒಣಗೈಯನ್ನೇ ಉಜ್ಜಿ ಉಜ್ಜಿ, ಗಾಳಿಯಲ್ಲಿ ಕೊಡವಿ, ಎರಡೂ ಅಂಗೈ ಎತ್ತಿ ತೋರಿಸುತ್ತಿದ್ದರು. ಎಷ್ಟು ಚೆನ್ನಾಗಿ ಕಲಿತರೆಂದರೆ ಮನೆಯಲ್ಲೂ ಅದನ್ನೇ ಮಾಡತೊಡಗಿದರು. "ಕೈ ತೊಳ್ಕೊಂಡ್ಯಾ?" ಎಂದರೆ ಸರಸರನೆ ಗಾಳಿಯಲ್ಲಿ ಉಜ್ಜಿ, "ಹ್ಞೂಂ," ಎನ್ನುವುದು. ಗುಬ್ಬಿಯೂ ಸಾಲಿನ ಕೊನೆಯಲ್ಲಿ ನಿಂತು ತನ್ನ ಪುಟ್ಟ ಅಂಗೈಗಳನ್ನು ಉಜ್ಜಿ ಎತ್ತಿ ತೋರಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿ ನಕ್ಕೆವು.

ಡ್ರೈವರನ ಮಗಳು ಪಾಯಿಖಾನೆಯಿಂದ ಬಂದು, ಕನ್ನಡಿಯ ಮುಂದೆ ನಿಂತು, ಮೇಷ್ಟ್ರು ಹೇಳಿಕೊಟ್ಟ ಹಾಗೆ ಒಂದೂ ಬಿಡದೆ ಒಣಗೈ ಉಜ್ಜಿ, ಜೇಬಿನಿಂದ ಬಿಸ್ಕತ್ತು ತೆಗೆದು ಅರ್ಧ ತಾನು ತಿಂದು ಅರ್ಧ ಗುಬ್ಬಿಗೆ ಕೊಟ್ಟದ್ದು ನನ್ನ ಕಣ್ಣಿಗೆ ಬಿತ್ತು. "ಏಯ್ ಬೇಡ!" ಎಂದು ಕಿಟಕಿಯಿಂದ ಕೂಗಿದೆ. ಅಷ್ಟರಲ್ಲಿ ಬಿಸ್ಕತ್ತು ಮಾಯ. ಮೊದಲು ಡ್ರೈವರನ ಮಗಳಿಗೆ ಭೇದಿಯಾಯಿತು, ಆಮೇಲೆ ಗುಬ್ಬಿಗೆ. ಈ ಸಲ ವಾಂತಿಯೂ ಸೇರಿತು.

ಒಂದೇ ಕಟ್ಟಡದಲ್ಲಿ ಮತ್ತೆ ಮತ್ತೆ ಭೇದಿ ಎಂದು ನರ್ಸಮ್ಮನಿಂದ ತಿಳಿದು, ಡಾಕ್ಟರ್ ಮೇಡಂ ಅವರನ್ನೂ ಕರೆದುಕೊಂಡು ತಾವೇ ನೋಡಲು ಹೊರಟುಬಂದರು. ಅಧ್ಯಕ್ಷರು ಅಂಗಡಿಗೆ ರಜೆ ಹಾಕಿ ಮಗುವಿನ ಪಕ್ಕ ಕಂಗಾಲಾಗಿ ಕೂತಿದ್ದವರು, ಗೇಟಿನಲ್ಲಿ ಜೀಪು ನಿಂತದ್ದು ನೋಡಿದ್ದೇ ಎದ್ದರು. ತಲೆ ಕೆಟ್ಟ ಹೊತ್ತಿನಲ್ಲಿ ಮನುಷ್ಯ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. "ಬಂದ್ರು! ಕುರ್ಚಿ! ಟೈಲರಕ್ಕಾ, ಕತ್ತರಿ!" ಎಂದು ಕಿರುಚಿದರು. ನನಗೂ ಅದೇನು ಹಿಡಿದಿತ್ತೋ, ಕತ್ತರಿಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು ಓಡಿದೆ.

"ಕಾಯಿಲೆ ಮಕ್ಕಳು ಎಲ್ಲಿ?" ಎಂದರು ಡಾಕ್ಟರು.

"ಒಂದೇ ನಿಮಿಷದ ಕಾರ್ಯಕ್ರಮ ಮೇಡಂ. ಹೀಗೆ ಬನ್ನಿ." ಅಧ್ಯಕ್ಷರು ಮುಂದೆ ಓಡಿದರು. ಡಾಕ್ಟರು ಮಕ್ಕಳಿರುವ ಕಡೆ ಕರೆದೊಯ್ಯುತ್ತಿದ್ದಾರೆಂದು ತಿಳಿದು ಹಿಂದೆ ಬಂದರು. ಬಂದು ನೋಡಿದರೆ ಬೇಸಿನ್ನು, ಅದರ ಸುತ್ತ ಕೆಂಪು ರಿಬ್ಬನ್, ಪಕ್ಕದಲ್ಲಿ ಕೋಲು ಹಿಡಿದ ಮುದುಕಿ.

"ಏನಿದು?"

"ಕೈ ತೊಳೆಯೋ ಬೇಸಿನ್ ಮೇಡಂ. ತಿಂಗಳ ಮೇಲಾಯ್ತು ಕಟ್ಟಿಸಿ."

"ತೊಳೀತಿದೀರಾ?"

"ಛೆ ಛೆ!" ಅಧ್ಯಕ್ಷರು ಎದೆ ಮುಟ್ಟಿಕೊಂಡರು. "ನೀವು ಬರದೆ ತೊಳೀತೀವಾ? ಒಂದು ಹನಿ ಬಿದ್ದಿಲ್ಲ, ಒಬ್ರು ಮುಟ್ಟಿಲ್ಲ. ನಮ್ಮ ತಾಯಿ ಹಗಲೆಲ್ಲ ಇಲ್ಲೇ ಕಾವಲು."

ಡಾಕ್ಟರು ನರ್ಸಮ್ಮನ ಮುಖ ನೋಡಿದರು. ನರ್ಸಮ್ಮನ ಗಂಟಲು ಮೊದಲ ಬಾರಿಗೆ ತಗ್ಗಿತು. "ನಾನು ಬಕೆಟ್ ಅಂದಿದ್ದೆ ಮೇಡಂ," ಎಂದರು ಸಣ್ಣಗೆ.

ಆಗಲೇ ಅಧ್ಯಕ್ಷರ ಹೆಂಡತಿ ಗುಬ್ಬಿಯನ್ನು ತೊಳೆಸಿಕೊಂಡು ಪಾಯಿಖಾನೆಯ ಕಡೆಯಿಂದ ಬಂದಳು. ಮಗು ಬಾಡಿದ ಸೊಪ್ಪಿನಂತೆ ಅವಳ ತೋಳಿನ ಮೇಲೆ ಜೋತುಬಿದ್ದಿತ್ತು. ಅವಳ ಕೈ ಹೊಲಸಾಗಿತ್ತು. ಮಗುವನ್ನು ನರ್ಸಮ್ಮನ ಕೈಗೆ ಕೊಟ್ಟು ಸೀದಾ ಬೇಸಿನ್ನಿನ ಕಡೆ ನಡೆದಳು.

"ಲೇ, ನಿಲ್ಲು ನಿಲ್ಲು, ರಿಬ್ಬನ್ನು!" ಎಂದರು ಅಧ್ಯಕ್ಷರು. ಅತ್ತೆಯ ಕೋಲು ಮೇಲೆದ್ದಿತು. ಸೊಸೆ ಅತ್ತೆಯನ್ನು ಒಮ್ಮೆ ನೋಡಿದಳು, ಕೋಲು ತಾನಾಗಿ ಇಳಿಯಿತು. ಅವಳು ರಿಬ್ಬನ್ನನ್ನು ಮೊಣಕೈಯಿಂದ ಜಗ್ಗಿ ಕಿತ್ತಳು, ಮೊಣಕೈಯಿಂದಲೇ ನಲ್ಲಿ ತಿರುಗಿಸಿದಳು. ನಲ್ಲಿ ಒಮ್ಮೆ ಗೊರ್ ಎಂದು ಸುಮ್ಮನಾಯಿತು. ಉದ್ಘಾಟನೆಯ ಗಡಿಬಿಡಿಯಲ್ಲಿ ಟ್ಯಾಂಕಿಗೆ ನೀರು ತುಂಬಿಸಬೇಕು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಅವಳು ಎರಡೂ ಕೈ ಮುಂದೆ ಚಾಚಿಕೊಂಡು ಹಾಗೇ ನಿಂತಳು. ಅವಳಿಗೆ ಅಳು ಬಂತು. ನನಗೆ ಆ ತಟ್ಟೆ, ಆ ಕತ್ತರಿ ಎಲ್ಲ ಬಿಸಾಡಿಬಿಡಬೇಕು ಎನಿಸಿತು. ಮೈಯಲ್ಲಿ ನೀರು ಎಷ್ಟು ಉಳಿದಿದೆ ಎಂದು ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡಿದ ಡಾಕ್ಟರು, "ಜೀಪು ತಿರುಗಿಸಿ, ಈಗ್ಲೇ ಡ್ರಿಪ್ ಹಾಕ್ಬೇಕು," ಎಂದರು. ಅಧ್ಯಕ್ಷರು ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು ಬರಿದಾಗಿ ಜೀಪಿನ ಹಿಂದೆ ಓಡಿದರು.

ಗುಬ್ಬಿ ಉಳಿದಳು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು, ನರ್ಸಿನ ಪೆನ್ನು ಕಿತ್ತುಕೊಂಡು ಬಾಯಿಗೆ ಹಾಕಲು ನೋಡಿದಳು ಎಂದು ಕೇಳಿ ಕಟ್ಟಡವೆಲ್ಲ ಉಸಿರು ಬಿಟ್ಟಿತು. ಮನೆಗೆ ಕಳಿಸುವ ದಿನ ನಾನು ಬಟ್ಟೆ ತೆಗೆದುಕೊಂಡು ಹೋಗಿದ್ದೆ. ಆಸ್ಪತ್ರೆಯ ಗೇಟಿನಲ್ಲಿ ಗುಬ್ಬಿಯ ಅಮ್ಮ ಗಂಡನಿಗೆ ಹೇಳಿದಳು. "ನಾವು ಅಮ್ಮನ ಮನೆಗೆ ಹೋಗ್ತಿದೀವಿ. ಆ ಗುಲಾಬಿ ಸೋಪು, ಎಲ್ರೂ ಕೈ ತೊಳೆದೂ ತೊಳೆದೂ ಸವೆದು ಹೋದ ದಿನ ಬನ್ನಿ. ಅಲ್ಲೀತನಕ ಆ ಕಡೆ ತಲೆ ಹಾಕ್ಬೇಡಿ."

ಅಧ್ಯಕ್ಷರು ಮನೆಗೆ ಬಂದವರೇ ಸೋಪಿನ ಕಾಗದ ಹರಿದರು. ಮೋಟರ್ ಹಾಕಿ ಟ್ಯಾಂಕು ತುಂಬಿಸಿದರು. ಆಮೇಲೆ ನಮಗೆ ಶುರುವಾಯಿತು ನೋಡಿ. ಅಂಗಡಿಗೆ ಹೋಗುವ ಮುಂಚೆ ಬೇಸಿನ್ನಿನ ಪಕ್ಕ, ಬಂದ ಮೇಲೆ ಬೇಸಿನ್ನಿನ ಪಕ್ಕ. ಪಾಯಿಖಾನೆಯಿಂದ ಬಂದವರು, ಅಡುಗೆಗೆ ಹೋಗುವವರು, ಮಗುವಿಗೆ ಊಟ ಕೊಡುವವರು, ಯಾರನ್ನೂ ಬಿಡರು. ಕಾಗದ ಕೊಡಲು ಬಂದ ಪೋಸ್ಟ್‌ಮನ್ನಿಗೂ, "ಬಂದಿದ್ದು ಬಂದ್ರಿ, ಸ್ವಲ್ಪ ಕೈ ತೊಳ್ಕೊಂಡು ಹೋಗಿ, ಪುಣ್ಯ ಬರುತ್ತೆ," ಎಂದು ಅಂಗಲಾಚಿದರು. ಗಿರಾಕಿಯ ಕಾಲಿಗೆ ಚಪ್ಪಲಿ ಒಪ್ಪಿಸುವ ಆ ನಯವೆಲ್ಲ ಈಗ ನಮ್ಮ ಮೇಲೆ. ಒಂದು ದಿನ ಪ್ಲಂಬರನನ್ನು ರಸ್ತೆಯಿಂದಲೇ ಕೈ ಹಿಡಿದು ಎಳೆತಂದರು.

"ಉದ್ಘಾಟನೆ ಆಯ್ತಾ ಸಾರ್?"

"ಹಾಳಾಗ್ಲಿ ಉದ್ಘಾಟನೆ, ನೀನು ತೊಳಿಯಪ್ಪಾ. ಮೊಣಕೈ ತನಕ ತೊಳಿ."

ಮೇಷ್ಟ್ರು ಮಕ್ಕಳಿಗೆ ಮತ್ತೆ ಅಂಗೈ ಮುಂಗೈ ಎಂದು ಕೂಗಿದರು, ಈ ಸಲ ನೀರು ಹಾಕಿ. ಮಕ್ಕಳ ಮೊದಲ ಪ್ರಶ್ನೆ, "ಮೇಷ್ಟ್ರೇ, ಇದ್ರಲ್ಲಿ ಒದ್ದೆ ಯಾಕೆ ಆಗುತ್ತೆ?" ಎಂಬುದಾಗಿತ್ತು.

ಇಷ್ಟಾದರೂ ಆ ಸೋಪು ಸವೆಯಬೇಕಲ್ಲ! ಮೊಮ್ಮಗಳಿಲ್ಲದ ಮನೆಯಲ್ಲಿ ಅಜ್ಜಿಗೆ ಅನ್ನ ಇಳಿಯದಾಯಿತು. ಒಂದು ಬೆಳಿಗ್ಗೆ ಮಗ ಅಂಗಡಿಗೆ ಹೋದ ಮೇಲೆ ಆಕೆ ಸೋಪನ್ನು ಬಕೆಟ್ಟಿನಲ್ಲಿ ನೆನೆಹಾಕಿ ಕೋಲಿನಿಂದ ಕದಡಿದರು. ಸಂಜೆ ಅಧ್ಯಕ್ಷರು ಬಂದು ನೋಡಿದರೆ ಬಕೆಟ್ ತುಂಬ ಗುಲಾಬಿ ಗಂಜಿ, ತಳದಲ್ಲಿ ಬೆರಳುಗುರಿನಷ್ಟು ಸೋಪು.

"ಮುಗೀತಲ್ಲ, ಈಗ ಹೋಗಿ ಕರ್ಕೊಂಡು ಬಾ," ಎಂದರು ತಾಯಿ.

"ಸೋಪು ಸವೀಬೇಕು ಅಂದ್ಳು, ಸವೆದಿದೆ. ತಕರಾರಿಗೆ ಜಾಗವೇ ಇಲ್ಲ," ಎಂದರು ಮೇಷ್ಟ್ರು.

ನಾವೂ ಹೋಗಿ ಹೋಗಿ ಎಂದೆವು. ಅಧ್ಯಕ್ಷರು ಬಕೆಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಬಹಳ ಹೊತ್ತು ಕೂತರು. ಅವರಿಗೆ ಮಗಳನ್ನು ಎತ್ತಿಕೊಳ್ಳಬೇಕು ಎಂದು ಎಷ್ಟು ಆಸೆಯಾಗಿತ್ತು ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಕೊನೆಗೆ ಎದ್ದು, "ಇದು ಕೈ ತೊಳೆದದ್ದಲ್ಲ," ಎಂದಷ್ಟೇ ಹೇಳಿ, ಅಂಗಡಿಗೆ ಹೋಗಿ ಇನ್ನೊಂದು ಗುಲಾಬಿ ಸೋಪು ತಂದು ತಟ್ಟೆಯಲ್ಲಿಟ್ಟರು. ಅಜ್ಜಿ ಅವತ್ತು ಮಗನ ಜೊತೆ ಮಾತು ಬಿಟ್ಟರು. ಮರುದಿನದಿಂದ ಸ್ಟೂಲು ಹಾಕಿ ಕೂತು, ತೊಳೆಯದೆ ದಾಟುವವರಿಗೆ ಕೋಲು ತೋರಿಸತೊಡಗಿದರು. ಆಕೆಯ ಕೈಯಲ್ಲಿ ಕೋಲಿದ್ದ ಮೇಲೆ ಯಾವ ಸೋಪು ಎಷ್ಟು ದಿನ ತಡೆದೀತು? ಡ್ರೈವರನ ಮಗಳು ದುಂಡಗಾದಳು. ಕಟ್ಟಡದ ಯಾವ ಮಗುವಿಗೂ ಹೊಟ್ಟೆ ಕೆಡಲಿಲ್ಲ.

ಸೋಪು ತೆಳ್ಳಗೆ ಎಲೆಯಾದ ದಿನ ಅಧ್ಯಕ್ಷರು ಅದನ್ನು ಖಾಲಿ ಚಪ್ಪಲಿ ಡಬ್ಬಿಯಲ್ಲಿಟ್ಟು, "ಟೈಲರಕ್ಕಾ, ನೀವು ಸಾಕ್ಷಿಗೆ ಬನ್ನಿ. ನನ್ನ ಮಾತು ಅವಳು ನಂಬಲ್ಲ," ಎಂದರು. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಕಂಬಿ ಹಿಡಿದು ಜೋತಾಡುತ್ತಾ ಹೋದೆವು. ದಾರಿಯಲ್ಲಿ ಅವರಿಗೆ ಬುದ್ಧಿ ಹೇಳಿದೆ. "ಹೋದ ತಕ್ಷಣ ವಾದ ಮಾಡ್ಬೇಡಿ, ಒಂಚೂರು ಅತ್ತುಬಿಡಿ, ಕೆಲಸ ಆಗುತ್ತೆ."

ಅತ್ತೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅಧ್ಯಕ್ಷರು ಡಬ್ಬಿಯ ಮುಚ್ಚಳ ತೆಗೆದರು. ಅವಳು ಬಗ್ಗಿ ನೋಡಿದಳು.

"ನೀರಲ್ಲಿ ನೆನೆಸಿದ್ರಾ?"

"ನೆನೆಸಿದ್ದು ಮೊದಲನೇದು. ಅದು ಅಮ್ಮನ ಕೆಲಸ. ಇದು ಎರಡನೇದು, ಇದನ್ನ ಕೈ ತೊಳೆದೇ ಸವೆಸಿದ್ದು."

ಅವಳು ನನ್ನ ಮುಖ ನೋಡಿದಳು. ನಾನು ಹೌದು ಎಂದು ತಲೆಯಾಡಿಸಿದೆ. ಅವಳು ಏನೋ ಹೇಳಬೇಕೆನ್ನುವಷ್ಟರಲ್ಲಿ ಒಳಗಿನಿಂದ ಗುಬ್ಬಿ, "ಅಪ್ಪಾ!" ಎಂದು ಕೇಕೆ ಹಾಕುತ್ತಾ ಎರಡೂ ಕೈ ಚಾಚಿಕೊಂಡು ಓಡಿಬಂದಳು.

ಅಧ್ಯಕ್ಷರು ಡಬ್ಬಿಯನ್ನು ನನ್ನ ಕೈಗೆ ತುರುಕಿ, ಬಗ್ಗಿದರು. ಬಗ್ಗಿದವರು ತಟ್ಟನೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದರು. ಗುಬ್ಬಿ ಕಕ್ಕಾಬಿಕ್ಕಿಯಾಗಿ ನಿಂತಳು, ಅವಳ ತುಟಿ ನಡುಗಿತು.

"ತಡಿ ಪುಟ್ಟೀ, ತಡಿ ನನ್ನ ಬಂಗಾರ. ಬಸ್ಸಿನ ಕಂಬಿ ಹಿಡ್ಕೊಂಡು ಬಂದಿದೀನಿ. ಅತ್ತೇ, ನೀರೆಲ್ಲಿ? ಸೋಪೆಲ್ಲಿ? ಬೇಗ ಹೇಳೀಂದ್ರೆ!" ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಆ ಕೈ ಮುಂದೆ ತರಲಿಲ್ಲ. ಅತ್ತೆ ಹಿತ್ತಲ ಕಡೆ ತೋರಿಸಿದರು, ಇವರು ಓಡಿದರು. ಗುಬ್ಬಿ ಅವರ ಹಿಂದೆಯೇ ಓಡಿದಳು.

ಹೆಂಡತಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅಕ್ಕಾ, ನಿಜ ಹೇಳಿ. ಹೀಗೆ ಮಾಡಿ ಅಂತ ನೀವು ಹೇಳ್ಕೊಟ್ಟು ಕರ್ಕೊಂಡು ಬಂದ್ರಾ?"

"ಇಲ್ಲಮ್ಮಾ," ಎಂದೆ. "ನಾನು ಹೇಳ್ಕೊಟ್ಟಿದ್ದು ಅಳೋಕೆ ಮಾತ್ರ."

ಅವಳು ಒಳಗೆ ಹೋದಳು. ಹಿತ್ತಲಲ್ಲಿ ನಲ್ಲಿ ಸುರಿಯುವ ಸದ್ದು, ಬೇಗ ಬೇಗ ಎಂದು ಗುಬ್ಬಿ ರಚ್ಚೆ ಹಿಡಿದ ಸದ್ದು. ಅದರ ನಡುವೆ ಮಂಚದ ಕೆಳಗಿಂದ ಬ್ಯಾಗು ಎಳೆಯುವುದು ಕೇಳಿಸಿತು.